ನೆಲಸಂಪಿಗೆ ಗೆಡ್ಡೆ: ಯಾವಾಗ ಕೊಳ್ಳಬೇಕು, ಹೇಗೆ ನೋಡಿ ಕೊಳ್ಳಬೇಕು, ಯಾವುದನ್ನು ಮುಟ್ಟಬಾರದು

ನೆರಳಿನ ಜಾಗಕ್ಕೊಂದು ಹೂವಿನ ಗಿಡ ಕೊಡಿ ಅಂದರೆ ನರ್ಸರಿಗಳಲ್ಲಿ ಸಾಮಾನ್ಯವಾಗಿ ಕೈಗಿಡುವುದು ಪೀಸ್ ಲಿಲ್ಲಿ, ಇಲ್ಲದಿದ್ದರೆ ಆಂಥೂರಿಯಂ. ಎರಡೂ ಚೆನ್ನಾಗಿಯೇ ಇವೆ, ಎರಡೂ ಮೂಲತಃ ಅಮೆರಿಕ ಖಂಡದವು. ನಮ್ಮ ಉಪಖಂಡದ ಕಾಡಿನ ನೆರಳಿನಲ್ಲೇ ಬೆಳೆದು, ಮಲೆನಾಡಿನ ಹಳೆ ಮನೆಗಳ ಹಿತ್ತಿಲಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ನೆಲಸಂಪಿಗೆಯನ್ನು ಕೇಳಿದರೆ ಮಾತ್ರ ಅಂಗಡಿಯವರು ಸಂಪಿಗೆ ಮರದ ಸಸಿಯ ಕಡೆ ಕೈ ತೋರಿಸುವುದುಂಟು. ನಾವು ಹೇಳುತ್ತಿರುವುದು ಮರವಲ್ಲ. ಶುಂಠಿ, ಅರಿಶಿನದ ಕುಟುಂಬಕ್ಕೆ ಸೇರಿದ ಗೆಡ್ಡೆಗಿಡ. ಸಸ್ಯಶಾಸ್ತ್ರದ ಹೆಸರು ಕೆಂಪ್ಫೇರಿಯಾ ರೊಟುಂಡಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರೇ ಇಂದಿಗೂ ನಡೆಯುತ್ತಿದೆ, ಹಾಗಾಗಿ ಆರ್ಡರ್ ಮಾಡುವಾಗ ಈ ಹೆಸರನ್ನೇ ಹುಡುಕುವುದು ವಾಸಿ.

ಗಿಡದ ವಿಶೇಷ ಇಷ್ಟು. ಡಿಸೆಂಬರ್ ಹೊತ್ತಿಗೆ ಎಲೆಯೆಲ್ಲ ಒಣಗಿ ನೆಲದ ಮೇಲೆ ಗುರುತೇ ಇಲ್ಲದಂತೆ ಮಾಯವಾಗುತ್ತದೆ. ಮಾರ್ಚ್‌ನಿಂದ ಮೇ ಒಳಗೆ, ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ, ಎಲೆಗಿಂತ ಮೊದಲು ಬರಿ ಮಣ್ಣಿನಿಂದಲೇ ಹೂವು ಬರುತ್ತದೆ. ಹೂವಿನ ಉದ್ದನೆಯ ಕೊಳವೆಯ ಬಹುಪಾಲು ಮಣ್ಣಿಗೆ ಅಂಟಿದ ಹೊದಿಕೆಯೊಳಗೇ ಇರುತ್ತದೆ. ನಮಗೆ ಕಾಣುವುದು ಮೇಲೆ ಎದ್ದು ನಿಂತ ಎರಡು ಅಗಲವಾದ ಬಿಳಿ ಎಸಳು, ಕೆಳಗೆ ಎರಡಾಗಿ ಸೀಳಿದ ತಿಳಿನೇರಳೆ ತುಟಿ, ಪಕ್ಕದಲ್ಲಿ ದಾರದಂತೆ ಸಪೂರಾದ ಮೂರು ದಳ. ಬಗ್ಗಿ ಮೂಸಿದರೆ ಹಿತವಾದ ಪರಿಮಳ. ಬೆಳಗ್ಗೆ ಅರಳಿದ ಹೂವು ಒಂದು ದಿನದಲ್ಲಿ ಬಾಡುತ್ತದೆ. ಆದರೆ ಒಂದೊಂದು ಮೊಳಕೆಯಲ್ಲೂ ನಾಲ್ಕಾರು ಮೊಗ್ಗು ಇರುವುದರಿಂದ, ತುಂಬಿದ ಬುಡವಾದರೆ ಎರಡು ಮೂರು ವಾರ ಹೂವು ನೋಡಬಹುದು. ಆಮೇಲೆ ಎಲೆ ಬರುತ್ತದೆ: ಮೇಲ್ಭಾಗ ಹಸಿರಿನ ಮೇಲೆ ಬೆಳ್ಳಿಬಣ್ಣದ ಗೆರೆ, ಕೆಳಭಾಗ ನೇರಳೆ, ಒಂದೂವರೆ ಎರಡಡಿ ಎತ್ತರ. ಹೂವು ಇಲ್ಲದ ಮಳೆಗಾಲದಲ್ಲೂ ನೋಡುವಂತಹ ಗಿಡವೇ.

ಇದು ಮಾರಾಟಕ್ಕೆ ಸಿಗುವುದು ಮುಖ್ಯವಾಗಿ ಮೂರು ರೂಪದಲ್ಲಿ: ಕೊರಿಯರ್‌ನಲ್ಲಿ ಬರುವ ಬರಿ ಗೆಡ್ಡೆ, ನರ್ಸರಿಯ ಕವರಿನಲ್ಲಿರುವ ಎಲೆ ಬಿಟ್ಟ ಗಿಡ, ಕುಂಡ ಮಣ್ಣು ಎಲ್ಲ ಸೇರಿಸಿದ ‘ಕಿಟ್’. ಬೆಲೆ ಅಂಗಡಿಯಿಂದ ಅಂಗಡಿಗೆ ಸಿಕ್ಕಾಪಟ್ಟೆ ವ್ಯತ್ಯಾಸ. ಬೆಲೆಗಿಂತ ತಿಂಗಳು ನೋಡಿ ಕೊಂಡವರು ಗೆಲ್ಲುತ್ತಾರೆ.

ಕೊರಿಯರ್ ಗೆಡ್ಡೆ

ಸರಿಯಾದ ತಿಂಗಳಲ್ಲಿ ಕೊಂಡರೆ ಕೊಟ್ಟ ದುಡ್ಡಿಗೆ ಇದರಷ್ಟು ಲಾಭ ಬೇರೆಯದರಲ್ಲಿಲ್ಲ. ಸರಿಯಾದ ತಿಂಗಳು ಅಂದರೆ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ. ಆಗ ಗೆಡ್ಡೆ ನಿದ್ದೆಯಲ್ಲಿರುತ್ತದೆ, ಕಿತ್ತರೂ ಕಳಿಸಿದರೂ ನೋವಿಲ್ಲ. ನೆಟ್ಟ ವರ್ಷವೇ ಹೂವು ಬರುವ ಸಾಧ್ಯತೆಯೂ ಇದೆ. ಜೂನ್ ಜುಲೈನಲ್ಲಿ ‘ತಾಜಾ ಗೆಡ್ಡೆ’ ಎಂದು ಮಾರುವುದು ಬೆಳೆಯುತ್ತಿರುವ ಗಿಡದ ಎಲೆ ಕತ್ತರಿಸಿ ಕಿತ್ತದ್ದು. ಬದುಕುತ್ತದೆ, ಆದರೆ ಆ ವರ್ಷದ ಆಹಾರ ಕೂಡಿಡಲು ಎಲೆಯೇ ಇಲ್ಲದ್ದರಿಂದ ಮುಂದಿನ ಬೇಸಿಗೆಯ ಹೂವಿಗೂ ಕತ್ತರಿ.

ಡಬ್ಬಿ ಬಿಚ್ಚಿದ ಕೂಡಲೇ ನೋಡಬೇಕಾದ್ದು ಗೆಡ್ಡೆಯ ರಚನೆ. ನಡುವೆ ಹೆಬ್ಬೆರಳಿನ ತುದಿಯಷ್ಟು ಅಥವಾ ಸ್ವಲ್ಪ ದೊಡ್ಡದಾದ ಗುಂಡನೆ ತಾಯಿಗೆಡ್ಡೆ, ಅದರಿಂದ ಇಳಿದ ಬೇರುಗಳ ತುದಿಯಲ್ಲಿ ಮಣಿಯಂತೆ ಉಬ್ಬಿದ ಮರಿಗೆಡ್ಡೆಗಳು. ನೋಡಲು ಚೆಂದ ಇರುವುದು ಮಣಿಗಳು, ಮೊಳೆಯುವುದು ತಾಯಿಗೆಡ್ಡೆ. ಮೊಳಕೆಯ ಕಣ್ಣು ಇರುವುದು ತಾಯಿಗೆಡ್ಡೆಯಲ್ಲಿ ಮಾತ್ರ. ಮಣಿಗಳಲ್ಲಿರುವುದು ಬರಿ ನೀರು ಮತ್ತು ಪಿಷ್ಟ, ಅವನ್ನು ಎಷ್ಟು ನೆಟ್ಟರೂ ಚಿಗುರುವುದಿಲ್ಲ. ‘10 ಗೆಡ್ಡೆಗಳ ಪ್ಯಾಕ್’ ಎಂದು ಅಗ್ಗಕ್ಕೆ ಬರುವ ಪೊಟ್ಟಣದಲ್ಲಿ ಬಿಡಿ ಮಣಿಗಳೇ ತುಂಬಿದ್ದರೆ ಫೋಟೋ ತೆಗೆದು ಅವತ್ತೇ ವಾಪಸ್ ಕೇಳಿ. ಇನ್ನು ಕೆಲವರು ಚೊಕ್ಕಟವಾಗಿ ಕಾಣಲೆಂದು ಮಣಿಗಳನ್ನೆಲ್ಲ ಸವರಿ ಬರಿ ತಾಯಿಗೆಡ್ಡೆ ಕಳಿಸುತ್ತಾರೆ. ಅದು ಮೊಳೆಯುತ್ತದೆ, ಆದರೆ ಮಳೆ ಬರುವ ತನಕ ಬದುಕಲು ಬೇಕಾದ ಬುತ್ತಿಯನ್ನೇ ಕಿತ್ತುಕೊಂಡ ಹಾಗೆ, ಮೊದಲ ವರ್ಷ ಒಂದೆರಡು ಬಡಕಲು ಎಲೆಗೇ ಮುಗಿಯುತ್ತದೆ. ಒಂದು ಕಣ್ಣು, ಕನಿಷ್ಠ ಮೂರು ನಾಲ್ಕು ಮಣಿ, ಬೆರಳಿನಿಂದ ಒತ್ತಿದರೆ ಗಟ್ಟಿ: ಇಷ್ಟಿದ್ದರೆ ಒಪ್ಪಿಕೊಳ್ಳಿ.

ಪ್ಯಾಕಿಂಗ್ ಬಗ್ಗೆ ಹೇಳಲೇಬೇಕು. ಒಣ ಪೇಪರ್, ಮರದ ಪುಡಿ, ಸೀಳಿದ ರಟ್ಟು ಯಾವುದಾದರೂ ಸರಿ. ಹಸಿ ಕೊಕೊಪಿಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿದ್ದರೆ, ಫೆಬ್ರವರಿ ಬಿಸಿಲಲ್ಲಿ ನಾಲ್ಕು ದಿನ ಲಾರಿಯಲ್ಲಿ ಬಂದ ಗೆಡ್ಡೆ ಒಳಗೊಳಗೇ ಬೆಂದಿರುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ, ಕಣ್ಣಿನ ಬಳಿ ಒತ್ತಿದರೆ ನೀರು ಜಿನುಗುತ್ತದೆ, ಹುಳಿ ವಾಸನೆ ಬರುತ್ತದೆ. ಆರ್ಡರ್ ಮಾಡುವಾಗಲೇ ‘ಒಣಗಿಸಿ ಕಳಿಸಿ’ ಎಂದು ಬರೆದರೆ ಒಳ್ಳೆಯ ಮಾರಾಟಗಾರರು ಹಾಗೇ ಮಾಡುತ್ತಾರೆ. ಬಿಳಿ ಹುರುಪೆ ಅಂಟಿದಂತಿದ್ದರೆ ಅದು ಅರಿಶಿನ, ಶುಂಠಿಯ ಗೆಡ್ಡೆಗೆ ಹತ್ತುವಂತಹ ಶಲ್ಕಕೀಟ ಇರಬಹುದು. ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ ತೊಳೆದ ಮೇಲೆಯೇ ಬೇರೆ ಗಿಡಗಳ ಹತ್ತಿರ ತನ್ನಿ.

ಫೋಟೋ ನಂಬಬೇಡಿ. ಕಡುನೀಲಿ, ಕೆಂಪು ನೆಲಸಂಪಿಗೆ ಎಂಬುದಿಲ್ಲ, ಅದು ಕಂಪ್ಯೂಟರಿನಲ್ಲಿ ಬಳಿದ ಬಣ್ಣ. ‘ನೆಲಸಂಪಿಗೆ ಬೀಜ’ ಎಂದು ಮಾರುವವರ ಹತ್ತಿರ ಹೋಗಲೇಬೇಡಿ. ಇದನ್ನು ಎಲ್ಲ ಕಡೆಯೂ ಬೆಳೆಸುವುದು ಗೆಡ್ಡೆಯಿಂದ. ಆಯುರ್ವೇದದ ಅಂಗಡಿಯಲ್ಲಿ ಸಿಗುವ ಒಣ ಹೋಳು ಮದ್ದಿಗೆ, ನೆಡಲಿಕ್ಕಲ್ಲ. ಕೇರಳದಲ್ಲಿ ಈ ಗೆಡ್ಡೆಯನ್ನು ಔಷಧಿಗಾಗಿಯೇ ಬೆಳೆಯುತ್ತಾರೆ, ಅಲ್ಲಿಯ ಹೆಸರು ಚೆಂಗಳುನೀರ್ ಕಿಳಂಗು. ಅಲ್ಲಿಂದ ನೆಡುವ ಗೆಡ್ಡೆ ತರಿಸಿಕೊಳ್ಳುವುದಾದರೆ ಹಸಿ ಗೆಡ್ಡೆಯೇ ಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ನರ್ಸರಿ ಕವರಿನ ಗಿಡ

ಜೂನ್‌ನಿಂದ ಅಕ್ಟೋಬರ್‌ವರೆಗೆ ಇದೇ ನಂಬಿಕಸ್ತ ದಾರಿ, ಏಕೆಂದರೆ ಎಲೆ ಕಂಡರೆ ಮೋಸ ಹೋಗುವ ಮಾತಿಲ್ಲ. ಎಲೆ ನೆಟ್ಟಗೆ ಮೇಲಕ್ಕೆ ನಿಂತಿದೆ, ಮೇಲೆ ಬೆಳ್ಳಿ ಗೆರೆ, ತಿರುಗಿಸಿದರೆ ನೇರಳೆ: ನೆಲಸಂಪಿಗೆ. ಎಲೆ ತಟ್ಟೆಯಂತೆ ನೆಲಕ್ಕೆ ಅಂಟಿ ಹರಡಿದ್ದು, ಬರಿ ಹಸಿರು, ಗೆಡ್ಡೆ ಗೀರಿದರೆ ಕರ್ಪೂರದಂತೆ ಘಾಟು: ಅದು ಕಚ್ಚೂರ. ಎಲೆ ಗಿಡ್ಡ, ಅಗಲ, ನವಿಲುಗರಿಯಂತಹ ಪಟ್ಟೆ, ಮಳೆಗಾಲವಿಡೀ ಎಲೆಯ ನಡುವಿನಿಂದ ಸಣ್ಣ ತಿಳಿನೇರಳೆ ಹೂವು: ಅದು ಪೀಕಾಕ್ ಜಿಂಜರ್ ಎಂದು ಮಾರುವ ಅದರ ಸೋದರಸಂಬಂಧಿ. ಮೂರೂ ನೆರಳಿಗೆ ಒಗ್ಗುವ ಗಿಡಗಳೇ. ಆದರೆ ಬರಿ ನೆಲದಿಂದ ಬೇಸಿಗೆಯಲ್ಲಿ ಏಳುವ ಆ ದೊಡ್ಡ ಹೂವು ಬೇಕೆಂದರೆ ಮೊದಲನೆಯದೇ ಆಗಬೇಕು.

ಕವರ್ ಎತ್ತಿ ಅಡಿ ನೋಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಇಟ್ಟ ಕವರುಗಳ ಅಡಿ ಕೆಸರು ಕಟ್ಟಿ ತೂತು ಮುಚ್ಚಿರುತ್ತದೆ. ಎಲೆಯ ಬುಡ ಹಿಡಿದು ಮೆಲ್ಲಗೆ ಅಲುಗಿಸಿದರೆ ಸಡಿಲವಾಗಿ ಕೈಗೆ ಬಂದರೆ ಕೊಳೆ ಶುರುವಾಗಿದೆ ಎಂದೇ ಅರ್ಥ.

ನಮ್ಮ ಪ್ರಕಾರ ನರ್ಸರಿಯಲ್ಲಿ ಅತಿ ಒಳ್ಳೆಯ ವ್ಯಾಪಾರ ಕುದುರುವುದು ನವೆಂಬರ್ ಕೊನೆಗೆ. ಆಗ ಎಲೆ ಹಳದಿಯಾಗಿ ಒರಗಿ ಗಿಡ ಸಾಯುತ್ತಿರುವಂತೆ ಕಾಣುತ್ತದೆ. ಎಷ್ಟೋ ಕಡೆ ಮೂಲೆಗೆ ತಳ್ಳಿರುತ್ತಾರೆ, ಅರ್ಧ ಬೆಲೆಗೂ ಕೊಟ್ಟುಬಿಡುತ್ತಾರೆ. ಕವರ್ ಹಿಸುಕಿ ನೋಡಿ, ಒಳಗೆ ಗೆಡ್ಡೆ ಗಟ್ಟಿಯಾಗಿ ಸಿಕ್ಕಿದರೆ ಕಣ್ಣುಮುಚ್ಚಿ ತನ್ನಿ. ಒಂದು ಮಳೆಗಾಲ ಪೂರ್ತಿ ಉಂಡು ಕೊಬ್ಬಿದ ಗೆಡ್ಡೆ ಅದು.

ಬೆಂಗಳೂರಿನವರಿಗೆ ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಜನವರಿಯಲ್ಲಿ ಬರುವುದು ಅನುಕೂಲ. ಮಳಿಗೆಗಳಲ್ಲಿ ಗೆಡ್ಡೆ ಕೇಳಲು ಅದೇ ಹದವಾದ ಕಾಲ. ಶಿರಸಿ ಕಡೆ ಬೀಜ ಉಳಿಸುವ ಹೆಂಗಸರ ‘ವನಸ್ತ್ರೀ’ ಬಳಗದ ಮಲೆನಾಡು ಮೇಳದಂತಹ ಕಡೆ ಬೀಜ, ಗೆಡ್ಡೆಗಳು ಕೈಯಿಂದ ಕೈಗೆ ಸಾಗುತ್ತವೆ, ಅಲ್ಲಿ ವಿಚಾರಿಸಿ ನೋಡಬಹುದು. ಎಲ್ಲಕ್ಕಿಂತ ಅಗ್ಗ ಊರಿನ ನೆಂಟರ ಹಿತ್ತಿಲು. ಅತ್ತೆಯೋ ಚಿಕ್ಕಮ್ಮನೋ ಕೊಡುವುದಾದರೆ ಒಂದೇ ಮಾತು ಮೊದಲೇ ಹೇಳಿಟ್ಟಿರಿ: ‘ಎಲೆ ಒಣಗುವ ಮೊದಲು ಒಂದು ಕೋಲು ನೆಟ್ಟಿರಿ.’ ಜನವರಿಯಲ್ಲಿ ಹೋಗಿ ಅಂದಾಜಿನ ಮೇಲೆ ಗುದ್ದಲಿ ಹಾಕಿದರೆ ಗೆಡ್ಡೆ ಎರಡು ಹೋಳು. ಕಾಡಿನಿಂದ ಕಿತ್ತು ತರುವುದು ಬೇಡ. ಹಿತ್ತಿಲಲ್ಲಿ ಇಷ್ಟು ಸುಲಭವಾಗಿ ಮರಿ ಹಾಕುವ ಗಿಡಕ್ಕೆ ಆ ಪಾಪ ಯಾಕೆ.

ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಪ್ಲಾಸ್ಟಿಕ್ ಕುಂಡ, ಮುಕ್ಕಾಲು ಪಾಲು ಕೊಕೊಪಿಟ್ ಇರುವ ‘ರೆಡಿ ಮಿಕ್ಸ್’, ಜೊತೆಗೊಂದು ಚೀಟಿ: ದಿನಾ ನೀರು ಹಾಕಿ. ಆ ಚೀಟಿ ಒಂದೇ ಸಾಕು ಗೆಡ್ಡೆ ಕೊಲ್ಲಲು. ಗೆಡ್ಡೆ ಮಾತ್ರ ಬೇರೆಯಾಗಿ ಸಿಕ್ಕರೆ ತಗೊಳ್ಳಿ, ಉಳಿದದ್ದು ದಂಡ.

ನೆಡುವುದು, ಮಲಗಿಸುವುದು

ಬಂದ ಗೆಡ್ಡೆಯನ್ನು ತೊಳೆದು, ಕೊಳೆತ ತುದಿಯಿದ್ದರೆ ಗಟ್ಟಿ ಭಾಗ ಸಿಗುವ ತನಕ ಕತ್ತರಿಸಿ. ಶುಂಠಿ, ಅರಿಶಿನದ ಬಿತ್ತನೆಗೆ ಮಾಡುವಂತೆಯೇ ಲೀಟರಿಗೆ 3 ಗ್ರಾಂ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಕದಡಿದ ನೀರಿನಲ್ಲಿ 30 ನಿಮಿಷ ಅದ್ದಿಟ್ಟು ನೆರಳಲ್ಲಿ ಆರಿಸಬಹುದು. ರಾಸಾಯನಿಕ ಬೇಡವೆನ್ನುವವರು ಕತ್ತರಿಸಿದ ಜಾಗಕ್ಕೆ ಒಲೆಬೂದಿ ಹಚ್ಚಿ ಎರಡು ದಿನ ಒಣಗಲು ಬಿಟ್ಟು, ನೆಡುವ ಮಣ್ಣಿಗೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿಕೊಳ್ಳಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ದುಡ್ಡು ದಂಡ. ಮ್ಯಾಂಕೊಜೆಬ್ ಕೊಳೆಯ ಶಿಲೀಂಧ್ರದ ಜೊತೆಗೆ ಟ್ರೈಕೊಡರ್ಮಾಕ್ಕೂ ಪೆಟ್ಟು ಕೊಡಬಹುದು.

ಕುಂಡವಾದರೆ ಆಳಕ್ಕಿಂತ ಅಗಲ ಮುಖ್ಯ. 12 ಇಂಚು ಅಗಲದ ಮಣ್ಣಿನ ಕುಂಡಕ್ಕೆ ಮೂರು ಗೆಡ್ಡೆ ಸಾಕು. ಮಣ್ಣಿನ ಹದ: ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಪುಡಿಯಾದ ತರಗೆಲೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಕೊಕೊಪಿಟ್ ಹಾಕಲೇಬೇಕೆಂದಿದ್ದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಕಣ್ಣು ಮೇಲೆ, ಮಣಿಗಳು ಕೆಳಗೆ ಹರಡಿಕೊಳ್ಳುವಂತೆ ಇಟ್ಟು, ಕಣ್ಣಿನ ಮೇಲೆ ಎರಡು ಇಂಚಿನಷ್ಟು ಮಣ್ಣು. ನಾಲ್ಕು ಇಂಚಿಗಿಂತ ಆಳಕ್ಕೆ ಹೋದರೆ ಮೊಗ್ಗು ಮಣ್ಣು ಸೀಳಿ ಮೇಲೆ ಬರಲಾರದೆ ಒಳಗೇ ಕೊಳೆಯುವುದುಂಟು. ನೆಲದಲ್ಲಾದರೆ ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು ಅಂತರ. ಮಲೆನಾಡು, ಕರಾವಳಿಯ ಮಳೆಗೆ ಅರ್ಧ ಅಡಿ ಏರಿಸಿದ ಮಡಿ ಬೇಕೇಬೇಕು.

ನೆಟ್ಟ ದಿನ ನೀರು ಹಾಕಬೇಡಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಎಲೆಯಿಲ್ಲದ, ಹೊಸ ಬೇರಿಲ್ಲದ ಗೆಡ್ಡೆ ನೀರು ಕುಡಿಯುವುದಿಲ್ಲ. ಹಾಕಿದ ನೀರು ಮಣ್ಣಿನಲ್ಲೇ ನಿಂತು ಗಾಳಿ ತುಂಬುವ ಸಂದುಗಳನ್ನು ಮುಚ್ಚುತ್ತದೆ, ಪಿತಿಯಂನಂತಹ ಕೊಳೆರೋಗದ ಜೀವಿಗೆ ಅಷ್ಟೇ ಸಾಕು. ಮಾರ್ಚ್ ಮಧ್ಯದ ತನಕ ಮಣ್ಣು ಒಣಗಿಯೇ ಇರಲಿ. ಅಷ್ಟರೊಳಗೆ ಮಳೆ ಬಾರದಿದ್ದರೆ ಒಂದು ಸಲ ತಳದಿಂದ ಹರಿಯುವಂತೆ ನೀರು ಕೊಟ್ಟು ಸುಮ್ಮನಿರಿ. ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ. ಎರಡರಿಂದ ನಾಲ್ಕು ವಾರದಲ್ಲಿ ಚೂಪಾದ ಮೊಳಕೆ ಮಣ್ಣಿನಿಂದ ಇಣುಕುತ್ತದೆ. ನೆಲದಲ್ಲಿ ನೆಟ್ಟವರಿಗೆ ಈ ಲೆಕ್ಕಾಚಾರವೇ ಇಲ್ಲ, ರೇವತಿ ಅಥವಾ ಅಶ್ವಿನಿ ಮಳೆ ಒಂದು ಹದ ಬಿದ್ದರೆ ಗಿಡವೇ ನೋಡಿಕೊಳ್ಳುತ್ತದೆ.

ಹೂವು ನೆಲಮಟ್ಟದಲ್ಲೇ ಇರುವುದರಿಂದ ಹೊದಿಕೆ ದಪ್ಪವಾಗಿರಬಾರದು. ಚಳಿಗಾಲದಲ್ಲಿ ಹಾಕಿದ ತರಗೆಲೆಯನ್ನು ಮಾರ್ಚ್‌ನಲ್ಲಿ ಪಕ್ಕಕ್ಕೆ ಸರಿಸಿ, ಮೇಲೆ ಇಟ್ಟಿಗೆ ಚೂರು ಅಥವಾ ದಪ್ಪ ಮರಳು ತೆಳ್ಳಗೆ ಹರಡಿ. ಇಲ್ಲದಿದ್ದರೆ ಗುಡುಗುಮಳೆಯ ದಪ್ಪ ಹನಿಗೆ ಕೆಸರು ಸಿಡಿದು ಬಿಳಿ ಎಸಳು ಕೆಂಪಾಗುತ್ತದೆ. ಸೂರಿನ ನೀರು ಬೀಳುವ ಸಾಲಿನಲ್ಲಂತೂ ನೆಡಲೇಬಾರದು.

ಎಂಥ ನೆರಳು ಎಂಬುದೂ ಮುಖ್ಯ. ದೇವಕಣಗಿಲೆಯ ಬುಡ ನಮ್ಮ ಮೊದಲ ಆಯ್ಕೆ: ಬೇಸಿಗೆಗೆ ಮೊದಲು ಅದರ ಎಲೆಯೂ ಉದುರಿರುತ್ತದೆ, ಬಿಸಿಲು ತಾಗಿ ಮಣ್ಣು ಒಣಗುತ್ತದೆ, ನೆಲಸಂಪಿಗೆಗೆ ಎಲೆ ಬರುವ ಹೊತ್ತಿಗೆ ಮೇಲೆ ನೆರಳೂ ಬರುತ್ತದೆ. ಹೊಂಗೆ, ಮಾವು ಕೂಡ ನಡೆಯುತ್ತವೆ. ಅಡಿಕೆ ತೋಟದಲ್ಲಿ ನೆರಳು ಹದವಾಗಿದ್ದರೂ ಬೇಸಿಗೆಯಿಡೀ ನೀರು ಹಾಯಿಸುವ ಕಡೆ ಗೆಡ್ಡೆಗೆ ನಿದ್ದೆ ಸಿಗುವುದಿಲ್ಲ, ತೋಟದ ಅಂಚಿನ ಒಣ ದಿಬ್ಬ ಹುಡುಕಿ. ಅಪಾರ್ಟ್‌ಮೆಂಟ್‌ನವರಿಗೆ ಬೆಳಗಿನ ಎರಡು ತಾಸು ಬಿಸಿಲು ಬರುವ ಪೂರ್ವದ ಬಾಲ್ಕನಿ. ಬೆಳಕೇ ಇಲ್ಲದ ಮೆಟ್ಟಿಲಡಿಯಲ್ಲಿ ಎಲೆ ಉದ್ದುದ್ದ ಬೆಳೆದು ಒರಗುತ್ತದೆ, ಹೂವು ಇಲ್ಲ.

ಜುಲೈ, ಆಗಸ್ಟ್‌ನಲ್ಲಿ ಕುಂಡಕ್ಕೆ ತಿಂಗಳಿಗೊಂದು ಹಿಡಿ ಎರೆಗೊಬ್ಬರ, ಸೆಪ್ಟೆಂಬರ್‌ನಲ್ಲಿ ಒಂದು ಚಮಚ ಬೂದಿ, ಅಷ್ಟೇ. ಯೂರಿಯಾ ಹಾಕಿದರೆ ಎಲೆ ಮಾತ್ರ ಮೊರದಗಲ. ಎಲೆ ಹಳದಿಯಾಗಲು ತೊಡಗಿದಾಗ ‘ಅಂದ ಕೆಟ್ಟಿತು’ ಎಂದು ಕತ್ತರಿಸಬೇಡಿ. ಮುಂದಿನ ಹೂವಿನ ಸಾಮಗ್ರಿ ಎಲೆಯಿಂದ ಗೆಡ್ಡೆಗೆ ಇಳಿಯುತ್ತಿರುವುದು ಆಗಲೇ. ತಾನಾಗಿ ಒಣಗಿ ಎಳೆದರೆ ಬಿಡುವಂತಾದ ಮೇಲೆ ತೆಗೆಯಿರಿ, ನೀರು ನಿಲ್ಲಿಸಿ, ಕುಂಡವನ್ನು ಮಳೆ ಇಬ್ಬನಿ ತಾಗದ ಕಡೆ ಎತ್ತಿಡಿ. ಕುಂಡದ ಮೇಲೆ ಹೆಸರು ಬರೆದಿಡುವುದು ಕಡ್ಡಾಯ. ಖಾಲಿ ಕುಂಡವೆಂದು ಮನೆಯವರು ಅದರಲ್ಲಿ ಮೆಂತೆ ಬಿತ್ತಿ ದಿನಾ ನೀರು ಹಾಕಿದರೆ ಕಥೆ ಮುಗಿಯಿತು.

ಹೂವೇ ಬಾರದಿದ್ದರೆ ಮೊದಲು ವಿಚಾರಿಸಬೇಕಾದ್ದು ಚಳಿಗಾಲದ ನೀರನ್ನು, ಆಮೇಲೆ ಆಳವನ್ನು, ಆಮೇಲೆ ನೆರಳನ್ನು. ಮೂರೂ ಸರಿಯಿದ್ದು ಗೆಡ್ಡೆ ಚಿಕ್ಕದಿದ್ದರೆ ಇನ್ನೊಂದು ಮಳೆಗಾಲ ಕಾಯಬೇಕು, ಬೇರೆ ಮದ್ದಿಲ್ಲ. ಮಳೆಗಾಲದ ನಡುವೆ ಎಲೆ ಹಠಾತ್ತನೆ ಹಳದಿಯಾಗಿ ಬುಡ ಮೆತ್ತಗಾದರೆ ಕೊಳೆರೋಗ: ಪೂರ್ತಿ ಕಿತ್ತು, ಗಟ್ಟಿ ಭಾಗ ಉಳಿಸಿ ಹೊಸ ಮಣ್ಣಿಗೆ ಹಾಕಿ. ನೆಲದಲ್ಲಿದ್ದರೆ ಅಕ್ಕಪಕ್ಕದ ಬುಡಗಳಿಗೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕದಡಿ ಸುರಿಯಿರಿ. ಎಲೆಯ ಅಂಚು ಮಡಚಿ ರೇಷ್ಮೆಯಿಂದ ಹೊಲಿದಂತಿದ್ದರೆ ಒಳಗೆ ಹಸಿರು ಹುಳು ಇರುತ್ತದೆ, ಅರಿಶಿನದ ಗಿಡಕ್ಕೂ ಬರುವ ಸ್ಕಿಪ್ಪರ್ ಚಿಟ್ಟೆಯ ಮರಿ. ಕೈಯಿಂದ ತೆಗೆದರೆ ಸಾಕು, ಹತ್ತೆಲೆಯಲ್ಲಿ ಒಂದೆಲೆ ಅದಕ್ಕೂ ಬಿಟ್ಟರೆ ನಷ್ಟವಿಲ್ಲ. ಬಸವನಹುಳು ಹಾಗಲ್ಲ. ಆಫ್ರಿಕದ ದೊಡ್ಡ ಜಾತಿಯದು ಇರುವ ಊರುಗಳಲ್ಲಿ ಒಂದೇ ರಾತ್ರಿಗೆ ಮೊಳಕೆಗಳೆಲ್ಲ ಖಾಲಿ. ಸಂಜೆ ಹಸಿ ಗೋಣಿಚೀಲ ಹಾಸಿ, ಬೆಳಗ್ಗೆ ಅದರಡಿ ಸೇರಿದ್ದನ್ನು ಗ್ಲೌಸ್ ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಬೇಕು. ಉಪ್ಪನ್ನು ಮಡಿಯ ಮೇಲೆ ಚೆಲ್ಲಬೇಡಿ. ಕಾಡಂಚಿನ ತೋಟಗಳಲ್ಲಿ ಹಂದಿ, ಮುಳ್ಳುಹಂದಿಯ ಕಾಟಕ್ಕೆ ಮಡಿಯ ಮೇಲೆ ತಂತಿಬಲೆ ಹಾಸುವುದೇ ದಾರಿ.

ಹೊರದೇಶದಲ್ಲಿರುವವರು ಊರಿಂದ ಗೆಡ್ಡೆಯನ್ನು ಬ್ಯಾಗಿನಲ್ಲಿ ಒಯ್ಯುವ ಸಾಹಸ ಮಾಡಬೇಡಿ; ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ಅಮೆರಿಕದಲ್ಲಿ ಇದು ‘ರೆಸರೆಕ್ಷನ್ ಲಿಲ್ಲಿ’, ‘ಏಷ್ಯನ್ ಕ್ರೋಕಸ್’ ಹೆಸರಲ್ಲಿ ಸಿಗುತ್ತದೆ. ಮೊದಲನೆಯ ಹೆಸರನ್ನೇ ಅಲ್ಲಿ ಲೈಕೋರಿಸ್ ಎಂಬ ಬೇರೆಯೇ ಗೆಡ್ಡೆಹೂವಿಗೂ ಬಳಸುತ್ತಾರೆ, ಲೇಬಲ್‌ನಲ್ಲಿ ಕೆಂಪ್ಫೇರಿಯಾ ಎಂದಿರಲೇಬೇಕು. ಹಿಮ ಬೀಳುವ ಊರಾದರೆ ಎಲೆ ಒಣಗಿದ ಮೇಲೆ ಕುಂಡವನ್ನು ಹಾಗೇ ಮನೆಯೊಳಗೆ ತಂದು, ನೀರಿಲ್ಲದೆ, ಬೆಚ್ಚಗಿನ ಮೂಲೆಯಲ್ಲಿಟ್ಟರೆ ಆಯಿತು.

ಇಷ್ಟೆಲ್ಲ ನೋಡಿ ಕೊಂಡರೂ ಇದು ಎಲ್ಲರಿಗೂ ಹೊಂದುವ ಗಿಡವಲ್ಲ. ಟೈಮರ್ ಹಚ್ಚಿದ ಡ್ರಿಪ್ ವರ್ಷವಿಡೀ ಓಡುವ ತಾರಸಿಗೆ ಬೇಡ. ವರ್ಷಕ್ಕೆ ಮೂರು ನಾಲ್ಕು ತಿಂಗಳು ಖಾಲಿ ಕುಂಡ ನೋಡಲು ಮನಸ್ಸಿಲ್ಲದವರಿಗೂ ಬೇಡ. ಬೇಕೆನ್ನುವವರು ಮೂರು ಗೆಡ್ಡೆಯಿಂದ ಶುರುಮಾಡಿ, ಮೂರನೇ ವರ್ಷದ ಜನವರಿಯವರೆಗೆ ಬುಡ ಕೆದಕಬೇಡಿ. ಆಗ ಕಿತ್ತು, ಪ್ರತಿ ತುಂಡಿಗೂ ಒಂದು ಕಣ್ಣು ಮತ್ತು ಅದಕ್ಕೆ ಅಂಟಿದ ಮಣಿಗಳು ಉಳಿಯುವಂತೆ ಬಿಡಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿಟ್ಟು ಮತ್ತೆ ನೆಡಿ. ಮಿಕ್ಕಿದ್ದನ್ನು ಯಾರಿಗಾದರೂ ಕೊಡುವುದಾದರೆ ಪೇಪರಿನಲ್ಲಿ ಸುತ್ತಿ ಕೊಡಿ, ಪ್ಲಾಸ್ಟಿಕ್‌ನಲ್ಲಿ ಬೇಡ.